ಮಣ್ಣನ್ನು ಕೇಳಿ ಓಡುವ ಮೋಟ್ರು

ಹೊಳಲ್ಕೆರೆ ತಾಲ್ಲೂಕಿನಲ್ಲಿ ನನ್ನ ಸೋದರಮಾವನ ಅಡಿಕೆ ತೋಟವಿದೆ. ಅಲ್ಲಿಗೆ ಹೋದಾಗಲೆಲ್ಲ ಪಂಪ್‌ಹೌಸಿಗೆ ಅಂಟಿಕೊಂಡ ಕೋಣೆಯಲ್ಲೇ ನನ್ನ ಹಾಸಿಗೆ. ಒಂದು ರಾತ್ರಿ ಒಂದೂವರೆಯ ಹೊತ್ತಿಗೆ ಗೋಡೆಯಾಚೆ ‘ಟಪ್’ ಎಂದಿತು. ಹಿಂದೆಯೇ ಕಾಂಟ್ಯಾಕ್ಟರಿನ ಗುಂಯ್‌ಗುಡುವ ಸದ್ದು, ಆಮೇಲೆ ಪೈಪಿನೊಳಗೆ ಗಾಳಿ ನೂಕಿಕೊಂಡು ನೀರು ಏರುವ ಸದ್ದು. ತ್ರೀಫೇಸ್ ಬಂದಿತ್ತು. ಸಂಜೆಯಷ್ಟೇ ಜೋರು ಮಳೆ ಸುರಿದು, ಅಂಗಳದಲ್ಲಿ ಇನ್ನೂ ನೀರು ನಿಂತಿತ್ತು.

“ಮಾವಾ, ಮೋಟ್ರು ಆನ್ ಆಯ್ತು. ಆಫ್ ಮಾಡ್ಲಾ?”

“ಆಟೋದಲ್ಲೈತೆ ಕಣೋ. ಕರೆಂಟ್ ಬಂದ್ರೆ ಅದೇ ಆನ್ ಆಗುತ್ತೆ, ಹೋದ್ರೆ ಅದೇ ಆಫ್ ಆಗುತ್ತೆ. ಮಲಕ್ಕೋ ಸುಮ್ನೆ.”

ಆಟೋ! ಆ ಪದವೇ ನನ್ನ ನಿದ್ದೆ ಕೆಡಿಸಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲೇ ಹೋಗಿ ನೋಡಿ, ಬೋರ್‌ವೆಲ್ ಇದ್ದಲ್ಲಿ ಒಂದು ಪ್ಯಾನಲ್ ಬೋರ್ಡ್, ಅದರ ಮೇಲೆ ಆಟೋ–ಮ್ಯಾನುಯಲ್ ಎಂಬ ಗುಬುಟು ಇರುತ್ತದೆ. ಗುಬುಟು ಆಟೋ ಕಡೆಗೆ ತಿರುಗಿರುತ್ತದೆ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಎಂಬ ಲೆಕ್ಕದಲ್ಲಿ ಕರೆಂಟು ಕೊಡುತ್ತಾರೆ, ಅದರಲ್ಲಿ ಒಂದು ಪಾಲು ರಾತ್ರಿಗೇ ಬೀಳುತ್ತದೆ. ರೈತ ಎದ್ದು ಹೋಗಿ ಸ್ವಿಚ್ ಒತ್ತುವ ಬದಲು, ಹಾವು ಚೇಳಿನ ಭಯ ತಪ್ಪಲಿ ಎಂದು, ಆಟೋ ಸ್ಟಾರ್ಟರ್ ಬಂತು. ಅದರ ಉಪಕಾರ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ಅದು ನೋಡುವುದು ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಮಣ್ಣು ಒಣಗಿದೆಯೋ ನೆಂದಿದೆಯೋ ಎಂದು ಅದು ಯಾರನ್ನೂ ಕೇಳುವುದಿಲ್ಲ.

ಮಲಗಿದಲ್ಲೇ ಲೆಕ್ಕ ಹಾಕಿದೆ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 540ರ ಹತ್ತಿರ ಮರ. ಬುಡಕ್ಕೆ ಎರಡೆರಡು ಡ್ರಿಪ್ಪರ್, ಒಂದೊಂದರಿಂದ ಗಂಟೆಗೆ 4 ಲೀಟರ್. 7 ಗಂಟೆ ಓಡಿದರೆ ಮರಕ್ಕೆ 56 ಲೀಟರ್. ಬೇಸಿಗೆಯಲ್ಲೂ ಫಲಕ್ಕೆ ಬಂದ ಅಡಿಕೆ ಮರಕ್ಕೆ ಡ್ರಿಪ್ಪಿನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಕೊಟ್ಟರೆ ಸಾಕು ಎಂಬುದು ಶಿಫಾರಸು. ಅಂದರೆ ಎಕರೆಗೆ ದಿನಕ್ಕೆ 19 ಸಾವಿರ ಲೀಟರಿಗೂ ಹೆಚ್ಚು ನೀರು ಸುಮ್ಮನೆ ನೆಲಕ್ಕೆ ಹೋಯಿತು. ಅದೇ ಮಾವ ಬೇಸಿಗೆಯಲ್ಲಿ ಬೋರು ಬತ್ತಿದಾಗ ಟ್ಯಾಂಕರಿಗೆ ದುಡ್ಡು ಕೊಟ್ಟು ನೀರು ಹೊಡೆಸುತ್ತಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ಈ ಪೋಲು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಬಿಲ್ಲು ಕೂಡ ಒಂದು ಬಗೆಯ ಸೆನ್ಸರೇ ತಾನೆ? ಅದನ್ನು ಕಿತ್ತು ಹಾಕಿದ್ದೇವೆ. ಅದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ.

ನಮ್ಮ ಹಳೆಯ ಕೆರೆಗಳ ಕೆಳಗೆ ಇದಕ್ಕಿಂತ ಜಾಣ ವ್ಯವಸ್ಥೆ ಇತ್ತು. ಅದರ ಹೆಸರು ನೀರುಗಂಟಿ. ಬೆಳಗಾದರೆ ಗುದ್ದಲಿ ಹೆಗಲಿಗೇರಿಸಿ ಗದ್ದೆಯ ಬದುವಿನ ಮೇಲೆ ನಡೆಯುವವನು. ಯಾರ ಮಡಿಯಲ್ಲಿ ನೀರು ನಿಂತಿದೆ, ಯಾರದು ಬಿರುಕು ಬಿಡುತ್ತಿದೆ ಎಂದು ಕಣ್ಣಲ್ಲಿ ನೋಡಿ, ಕಾಲಲ್ಲಿ ಮೆಟ್ಟಿ, ಕಾಲುವೆಯ ಬಾಯಿಗೆ ಮಣ್ಣು ಎಳೆಯುತ್ತಿದ್ದ ಅಥವಾ ಕಡಿಯುತ್ತಿದ್ದ. ತೂಬನ್ನು ಎಷ್ಟು ಎತ್ತಬೇಕು ಎಂಬುದು ಅವನ ತೀರ್ಮಾನ. ಮಾರನೆಯ ದಿನ ಮತ್ತೆ ಅದೇ ಬದುವಿನಲ್ಲಿ ಬಂದು, ನಿನ್ನೆ ತಾನು ಮಾಡಿದ್ದರ ಫಲ ಏನಾಯಿತು ಎಂದು ನೋಡುತ್ತಿದ್ದ. ಈ ‘ಮತ್ತೆ ಬಂದು ನೋಡುವುದು’ ಇದೆಯಲ್ಲ, ಅದೇ ಫೀಡ್‌ಬ್ಯಾಕ್. ಕನ್ನಡದಲ್ಲಿ ಹಿಮ್ಮಾಹಿತಿ ಎನ್ನುತ್ತೇವೆ. ಬೇಕಾದ್ದೆಷ್ಟು, ಇರುವುದೆಷ್ಟು, ಎರಡರ ನಡುವಿನ ಕೊರತೆ ಎಷ್ಟು ಎಂದು ಅಳೆದು, ಆ ಕೊರತೆ ತಗ್ಗುವ ದಿಕ್ಕಿಗೆ ಕೈಯಾಡಿಸಿ, ಮತ್ತೆ ಅಳೆಯುವುದು. ಹೀಗೆ ಸುತ್ತು ಮುಚ್ಚಿಕೊಂಡರೆ ಅದು ನಿಯಂತ್ರಣ. ಮಾವನ ಆಟೋ ಸ್ಟಾರ್ಟರಿನಲ್ಲಿ ಸುತ್ತು ತೆರೆದೇ ಇದೆ. ಅದು ಹೊಡೆದ ನೀರು ಏನಾಯಿತೆಂಬ ಸುದ್ದಿ ಅದಕ್ಕೆ ಎಂದೂ ಬರುವುದಿಲ್ಲ.

ಸುತ್ತು ಮುಚ್ಚಲು ಕಂಪ್ಯೂಟರೇ ಬೇಕೆಂದಿಲ್ಲ. ಮನೆಯ ಟ್ಯಾಂಕಿನ ಬಾಲ್ ವಾಲ್ವ್ ಸಾಕ್ಷಿ. ಅದಕ್ಕಿಂತ ದೊಡ್ಡ ಸಾಕ್ಷಿ ಹಿರಿಯೂರಿನ ಹತ್ತಿರವೇ ಇದೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಶುರುಮಾಡಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರಕ್ಕೆ ಜನ ಮಾರಿಕಣಿವೆ ಎನ್ನುತ್ತಾರೆ. ನೀರು 130 ಅಡಿ ದಾಟಿದರೆ ಪಕ್ಕದ ಕೋಡಿಯ ಮೇಲೆ ತಾನಾಗಿ ಹರಿದುಹೋಗುತ್ತದೆ. ಸೆನ್ಸರ್ ಇಲ್ಲ, ಗುಂಡಿ ಒತ್ತುವವರಿಲ್ಲ. ಕೋಡಿಯ ಗುಣವೇನೆಂದರೆ ಅದರ ಮೇಲಿನ ನೀರಿನ ಎತ್ತರ 4 ಪಟ್ಟಾದರೆ ಹರಿವು 8 ಪಟ್ಟಾಗುತ್ತದೆ. ತಪ್ಪು ಹೆಚ್ಚಾದಷ್ಟೂ ತಿದ್ದುವ ಬಲ ಅದಕ್ಕಿಂತ ವೇಗವಾಗಿ ಹೆಚ್ಚುತ್ತದೆ. ಕಲ್ಲಿನಲ್ಲಿ ಕೆತ್ತಿದ ಕಂಟ್ರೋಲರ್ ಎಂದರೆ ಇದೇ. ಇಷ್ಟಾದರೂ ಅದಕ್ಕೆ ಕೆಲಸ ಬಿದ್ದದ್ದು ಅಪರೂಪ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ ಸುಮ್ಮನೆ ಕುಳಿತಿದ್ದು, ಬೇಕಾದ ದಿನ ಒಂದು ನಟ್ಟು ಬೋಲ್ಟನ್ನೂ ಬಿಗಿಸದೆ ಕೆಲಸ ಮಾಡಿತು. ಯಾವ ಎಲೆಕ್ಟ್ರಾನಿಕ್ ಸರ್ಕ್ಯೂಟಿನ ಬಗ್ಗೆಯೂ ನಾನು ಈ ಮಾತು ಹೇಳಲಾರೆ.

ಆದರೂ ನಾವು ಎಲೆಕ್ಟ್ರಾನಿಕ್ಸಿಗೇ ಕೈ ಹಾಕಿದೆವು. ನಾವು ಎಂದರೆ ನಾನು, ಮಾವನ ಮಗ, ಮತ್ತು ಅನುಮಾನದಿಂದ ನೋಡುತ್ತ ನಿಂತ ಮಾವ.

ಮೆದುಳಿಗೆ ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ ಬೋರ್ಡ್. ಬೆಂಕಿಪೊಟ್ಟಣಕ್ಕಿಂತ ಅಷ್ಟೇನೂ ದೊಡ್ಡದಲ್ಲ. ಇದರ ಅಣ್ಣ ಆರ್ಡುಯಿನೊ, 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿನ್ಯಾಸದ ವಿದ್ಯಾರ್ಥಿಗಳ ಕಲಿಕೆಗೆಂದು ಹುಟ್ಟಿದ್ದು, ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಈಗಲೂ ಅದೇ ರಾಜ. ಕಣ್ಣಿಗೆ ಮಣ್ಣಿನ ತೇವ ಅಳೆಯುವ ಸೆನ್ಸರ್. ಇದರಲ್ಲಿ ಎರಡು ಜಾತಿ. ಎರಡು ಕಡ್ಡಿ ಚುಚ್ಚಿ ನಡುವೆ ಕರೆಂಟು ಹರಿಸಿ ನೋಡುವುದು ಅಗ್ಗ, ಆದರೆ ಕಡ್ಡಿಗಳು ಕೆಲವೇ ವಾರಗಳಲ್ಲಿ ತುಕ್ಕು ತಿಂದು ಮಣ್ಣಾಗುತ್ತವೆ. ಇನ್ನೊಂದು ಕೆಪ್ಯಾಸಿಟಿವ್ ಬಗೆಯದು. ಇದರ ಲೋಹ ಮಣ್ಣಿಗೆ ತಾಗುವುದೇ ಇಲ್ಲ. ವಿದ್ಯುತ್ ಕ್ಷೇತ್ರಕ್ಕೆ ಒಣಮಣ್ಣು ಒಂದು ಬಗೆಯಲ್ಲಿ ಸ್ಪಂದಿಸಿದರೆ ನೀರು ಅದರ ಎಷ್ಟೋ ಪಟ್ಟು ಬಲವಾಗಿ ಸ್ಪಂದಿಸುತ್ತದೆ, ಆ ವ್ಯತ್ಯಾಸವೇ ಅಳತೆ. ಕೈಗೆ ಒಂದು ರಿಲೇ.

ಇಎಸ್‌ಪಿ32 ವೋಲ್ಟೇಜನ್ನು 0ಯಿಂದ 4095ರವರೆಗಿನ ಸಂಖ್ಯೆಯಾಗಿ ಓದುತ್ತದೆ. ನಮ್ಮ ಸೆನ್ಸರನ್ನು ಗಾಳಿಯಲ್ಲಿ ಹಿಡಿದಾಗ 2600ರ ಸುಮಾರು, ನೀರಲ್ಲಿ ಅದ್ದಿದಾಗ 1100ರ ಸುಮಾರು ತೋರಿಸಿತು. ತೇವ ಹೆಚ್ಚಾದರೆ ಸಂಖ್ಯೆ ಇಳಿಯುತ್ತದೆ, ಮೊದಲಿಗೆ ಇದೇ ಗೊಂದಲ. ಆಮೇಲೆ ಅರ್ಧ ದಿನ ತಿಂದದ್ದು ಇನ್ನೊಂದು. ವೈಫೈ ಆನ್ ಮಾಡಿದೊಡನೆ ಸೆನ್ಸರ್ ಓದುವುದೇ ನಿಂತುಹೋಗುತ್ತಿತ್ತು. ಈ ಚಿಪ್ಪಿನಲ್ಲಿ ವೋಲ್ಟೇಜು ಓದುವ ಪಿನ್ನುಗಳು ಎರಡು ಗುಂಪಿನಲ್ಲಿವೆ, ವೈಫೈ ನಡೆಯುವಾಗ ಎರಡನೆಯ ಗುಂಪು ಕೆಲಸಕ್ಕೆ ಬಾರದು ಎಂಬುದು ನಮಗೆ ಗೊತ್ತಿರಲಿಲ್ಲ. ತಂತಿಯನ್ನು ಪಕ್ಕದ ಪಿನ್ನಿಗೆ ಸರಿಸಿದ ಮೇಲೆ ಎಲ್ಲ ಸರಿಹೋಯಿತು. ಮಾವ “ಇಷ್ಟಕ್ಕಾ ಬೆಳಗಿಂದ ಕುಂತಿದ್ದು?” ಎಂದರು.

ಸಂಖ್ಯೆ ಬಂದ ಮಾತ್ರಕ್ಕೆ ತೇವ ಗೊತ್ತಾದಂತಲ್ಲ. ಒಂದು ಡಬ್ಬಿ ಮಣ್ಣು ತೂಗಿ, ಸೆನ್ಸರಿನ ಸಂಖ್ಯೆ ಬರೆದುಕೊಂಡು, ಅದನ್ನು 105 ಡಿಗ್ರಿ ಸೆಲ್ಸಿಯಸ್ಸಿನ ಒಲೆಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. ಕಳೆದ ತೂಕವೇ ನೀರು. ಬೇರೆ ಬೇರೆ ತೇವದ ಐದಾರು ಡಬ್ಬಿಗೆ ಹೀಗೆ ಮಾಡಿದರೆ ಸಂಖ್ಯೆಗೂ ನೀರಿಗೂ ನಂಟು ಸಿಗುತ್ತದೆ. ಆ ನಂಟು ಕೂಡ ಆ ಮಣ್ಣಿಗಷ್ಟೇ. ಮಾವನದು ಕೆಂಪು ಮಣ್ಣು. ಅದೇ ಲೆಕ್ಕವನ್ನು ಹಿರಿಯೂರು ಕಡೆಯ ನೆಂಟರ ಎರೆ ಹೊಲಕ್ಕೆ ಒಯ್ದರೆ ಪೂರ್ತಿ ತಲೆಕೆಳಗು. ಎರೆ ಮಣ್ಣು ನೆಂದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕು ಸೆನ್ಸರಿನ ಪಕ್ಕದಲ್ಲೇ ಬಂತೋ, ಸೆನ್ಸರ್ ಅಳೆಯುವುದು ಮಣ್ಣನ್ನಲ್ಲ, ಗಾಳಿಯನ್ನು. ಆರಿಂಚು ಆಚೆ ಮಣ್ಣು ಹಸಿಯಾಗಿಯೇ ಇದ್ದರೂ ‘ಒಣಗಿದೆ, ನೀರು ಬಿಡಿ’ ಎಂದು ಕೂಗಿಕೊಳ್ಳುತ್ತದೆ. ಸುಳ್ಳು ಹೇಳುವ ಸೆನ್ಸರ್ ಇರುವ ಮುಚ್ಚಿದ ಸುತ್ತಿಗಿಂತ ತೆರೆದ ಸುತ್ತೇ ವಾಸಿ. ಕನಿಷ್ಠ ಕರೆಂಟು ಹೋದಾಗಲಾದರೂ ನಿಲ್ಲುತ್ತದೆ.

ಮೊದಲ ಪ್ರೋಗ್ರಾಂ ಎರಡು ಸಾಲಿನದು. 1800ಕ್ಕಿಂತ ಹೆಚ್ಚಾದರೆ ಮೋಟ್ರು ಆನ್, ಕಡಿಮೆಯಾದರೆ ಆಫ್. ಮೋಟ್ರು ಜೋಡಿಸದೆ ಬರೀ ರಿಲೇ ಇಟ್ಟು ನೋಡಿದ್ದು ಪುಣ್ಯ. ಸಂಖ್ಯೆ 1798, 1803, 1799 ಎಂದು ತೂಗಾಡತೊಡಗಿತು, ರಿಲೇ ಹಲ್ಲಿಯಂತೆ ಲೊಚಗುಟ್ಟತೊಡಗಿತು. 7.5 ಎಚ್‌ಪಿ ಮೋಟ್ರು ಹೀಗೆ ನಿಮಿಷಕ್ಕೆ ಹತ್ತು ಸಲ ಹತ್ತಿ ಆರಿದರೆ ವೈಂಡಿಂಗ್ ಸುಟ್ಟು ಹೋಗುತ್ತದೆ, ಮೇಲೆತ್ತಲು ಕ್ರೇನು ಕರೆಸಬೇಕು. ಪರಿಹಾರ ಹಳೆಯದು. ಹತ್ತುವ ಗೆರೆ ಬೇರೆ, ಆರುವ ಗೆರೆ ಬೇರೆ. 2000 ದಾಟಿದರೆ ಹತ್ತು, ಒಮ್ಮೆ ಹತ್ತಿದ ಮೇಲೆ 1600ಕ್ಕೆ ಇಳಿಯುವವರೆಗೂ ಆರಬೇಡ. ನಡುವಿನ ಜಾಗದಲ್ಲಿ ಇದ್ದ ಸ್ಥಿತಿಯಲ್ಲೇ ಇರು. ಇದಕ್ಕೆ ಹಿಸ್ಟರಿಸಿಸ್ ಎನ್ನುತ್ತಾರೆ. ಇಸ್ತ್ರಿ ಪೆಟ್ಟಿಗೆಯಲ್ಲೂ ಫ್ರಿಜ್ಜಿನಲ್ಲೂ ಇರುವುದು ಇದೇ. ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡದ ಸಾಲಿನಲ್ಲಿ ನಿಂತ ಗಾಳಿಯಂತ್ರಗಳನ್ನು ಹೆದ್ದಾರಿಯಿಂದ ನೋಡಿದ್ದೀರಲ್ಲ? ಅವುಗಳ ತಲೆಯ ಹಿಂದೆ ಪುಟ್ಟ ಗಾಳಿಸೂಚಿ ಇರುತ್ತದೆ. ಗಾಳಿ ಒಂದೆರಡು ಡಿಗ್ರಿ ಅತ್ತಿತ್ತ ಸರಿದ ಕೂಡಲೇ ಟನ್ನುಗಟ್ಟಲೆ ತೂಕದ ತಲೆ ತಿರುಗಲು ಹೊರಡುವುದಿಲ್ಲ. ಗಾಳಿ ನಿಜವಾಗಿಯೂ ದಿಕ್ಕು ಬದಲಿಸಿದೆ ಎಂದು ಸ್ವಲ್ಪ ಹೊತ್ತಿನ ಸರಾಸರಿಯಿಂದ ಖಾತ್ರಿಯಾದ ಮೇಲೆಯೇ ಮೋಟರುಗಳು ಅದನ್ನು ತಿರುಗಿಸುವುದು.

ಎರಡು ಗೆರೆ ಇಟ್ಟ ಮೇಲೆ ತೋಟಕ್ಕೆ ಇಳಿದೆವು. ಒಂದಡಿ ಆಳದಲ್ಲಿ, ಬೇರಿನ ಮಟ್ಟಕ್ಕೆ, ಸೆನ್ಸರ್ ಹುಗಿದೆವು. ಮೋಟ್ರು ಹತ್ತಿತು, ಡ್ರಿಪ್ಪರ್ ತೊಟ್ಟಿಕ್ಕಿತು, ಸಂಖ್ಯೆ ಮಾತ್ರ ಕದಲಲಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ. ನೀರು ಮೇಲಿನಿಂದ ಇಂಗಿ ಒಂದಡಿ ಇಳಿಯಲು ಹೊತ್ತು ಬೇಕು. ಕೊನೆಗೆ ಸಂಖ್ಯೆ 1600 ಮುಟ್ಟಿ ಮೋಟ್ರು ಆರಿದಾಗ ಮೇಲಿನ ಒಂದಡಿ ಮಣ್ಣು ಆಗಲೇ ತೊಯ್ದು ತೊಪ್ಪೆಯಾಗಿತ್ತು. ಆರಿದ ಮೇಲೂ ಆ ನೀರು ಇಳಿಯುತ್ತಲೇ ಹೋಗಿ ಸಂಖ್ಯೆ 1300ಕ್ಕೆ ಬಂತು.

ಈ ತಡವೇ ನಿಯಂತ್ರಣ ವಿಜ್ಞಾನದ ಹಳೆಯ ಶತ್ರು. ಸುದ್ದಿ ತಡವಾಗಿ ಬಂದರೆ, ಸರಿಯಾದ ತೀರ್ಮಾನವೂ ತಪ್ಪು ಹೊತ್ತಿನಲ್ಲಿ ಜಾರಿಯಾಗುತ್ತದೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಗವರ್ನರ್ ಕೂಡಿಸಿದ. ತಿರುಗುವ ಎರಡು ಗುಂಡುಗಳು ವೇಗ ಹೆಚ್ಚಾದಂತೆ ಮೇಲೇರಿ ಉಗಿಯ ಬಾಯನ್ನು ಕಿರಿದು ಮಾಡುತ್ತಿದ್ದವು. ಮುಂದಿನ ಕಾಲದ ಎಷ್ಟೋ ಯಂತ್ರಗಳಲ್ಲಿ ಈ ಗವರ್ನರೇ ವೇಗವನ್ನು ಏರಿಸಿ ಇಳಿಸಿ ಏರಿಸಿ ತೊಯ್ದಾಡಿಸತೊಡಗಿತು. ಯಾವಾಗ ತೊಯ್ದಾಟ ತಣಿಯುತ್ತದೆ, ಯಾವಾಗ ಬೆಳೆಯುತ್ತದೆ ಎಂದು 1868ರಲ್ಲಿ ಗಣಿತ ಹಚ್ಚಿ ಬರೆದವರು ವಿದ್ಯುತ್ಕಾಂತೀಯ ಅಲೆಗಳ ಖ್ಯಾತಿಯ ಮ್ಯಾಕ್ಸ್‌ವೆಲ್. ನಮ್ಮ ತೋಟಕ್ಕೆ ಅಷ್ಟು ಗಣಿತ ಬೇಕಾಗಲಿಲ್ಲ. ಇಪ್ಪತ್ತು ನಿಮಿಷ ನೀರು ಬಿಡು, ಒಂದು ಗಂಟೆ ಸುಮ್ಮನಿರು, ಆಮೇಲೆ ನೋಡು ಎಂದು ಪ್ರೋಗ್ರಾಮಿನಲ್ಲಿ ಬರೆದೆವು. ನೀರುಗಂಟಿ ಒಂದು ಮಡಿಗೆ ನೀರು ತಿರುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತು, ಆಮೇಲೆ ಎದ್ದು ಹೋಗಿ ನೋಡುತ್ತಿದ್ದುದೂ ಇದನ್ನೇ.

ಮಾವನ ಮಗ ಅಷ್ಟಕ್ಕೇ ನಿಲ್ಲುವವನಲ್ಲ. ಕಾಲೇಜಿನಲ್ಲಿ ಪಿಐಡಿ ಕಲಿತಿದ್ದ. ಈಗಿನ ಕೊರತೆ, ಇಲ್ಲಿಯವರೆಗೆ ಕೂಡಿಬಂದ ಕೊರತೆ, ಕೊರತೆ ಬದಲಾಗುತ್ತಿರುವ ವೇಗ, ಈ ಮೂರನ್ನೂ ತೂಗಿ ತೀರ್ಮಾನಿಸುವ ಸೂತ್ರವದು. ಹಡಗನ್ನು ಚುಕ್ಕಾಣಿಗಾರ ಹೇಗೆ ನೇರ ನಡೆಸುತ್ತಾನೆಂದು ಗಮನಿಸಿ ಮಿನೋರ್ಸ್ಕಿ ಎಂಬ ಗಣಿತಜ್ಞ 1922ರಲ್ಲಿ ಅದನ್ನು ಬಿಡಿಸಿ ಬರೆದ. ಹುಡುಗ ಅದರ ಎರಡನೆಯ ಭಾಗವನ್ನು ಹಾಕಿದ. ಹತ್ತು ನಿಮಿಷಕ್ಕೊಮ್ಮೆ ಕೊರತೆಯನ್ನು ಕೂಡಿಡುವುದು, ಮೊತ್ತಕ್ಕೆ ತಕ್ಕಷ್ಟು ಹೊತ್ತು ಮೋಟ್ರು ಓಡಿಸುವುದು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯಿತು. ಬೇರೆ ಟಿಸಿ ಬರಲು ನಾಲ್ಕು ದಿನ. ನಮ್ಮ ಪುಟ್ಟ ಬೋರ್ಡು ಮಾತ್ರ ಸೋಲಾರ್ ಬ್ಯಾಟರಿಯ ಮೇಲೆ ಎಚ್ಚರವಾಗಿದ್ದು, ನಾಲ್ಕು ದಿನವೂ ‘ನೀರಿಲ್ಲ, ನೀರಿಲ್ಲ’ ಎಂದು ಲೆಕ್ಕ ಕೂಡಿಸುತ್ತಲೇ ಇತ್ತು. ಐದನೆಯ ದಿನ ಕರೆಂಟು ಬಂತು. ಮಣ್ಣು ಒಂದೇ ಪಾಳಿಯಲ್ಲಿ ನೆಂದರೂ ಮೋಟ್ರು ನಿಲ್ಲಲಿಲ್ಲ, ಹಳೆಯ ಬಾಕಿ ತೀರುವವರೆಗೂ ಓಡುತ್ತಲೇ ಇತ್ತು. ಎಂಜಿನಿಯರುಗಳು ಇದನ್ನು ಇಂಟಿಗ್ರಲ್ ವೈಂಡಪ್ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಇದಕ್ಕೆ ರಾಸಾಯನಿಕ ಕಾರ್ಖಾನೆಯ ಉದಾಹರಣೆ ಕೊಡುತ್ತಾರೆ. ಲೋಡ್‌ಶೆಡ್ಡಿಂಗಿನ ನಾಡಿನಲ್ಲಿ ಅಷ್ಟು ದೂರ ಹೋಗಬೇಕೆ? ಮದ್ದು ಒಂದೇ ಸಾಲಿನದು. ಕೈ ಕಟ್ಟಿಹಾಕಿದ್ದಾಗ ಲೆಕ್ಕ ಕೂಡಿಡಬೇಡ. ತ್ರೀಫೇಸ್ ಇಲ್ಲದ ಹೊತ್ತಿನ ಕೊರತೆಯನ್ನು ಮೊತ್ತಕ್ಕೆ ಸೇರಿಸದಂತೆ ಬರೆದ ಮೇಲೆ ಮೋಟ್ರು ಸುಮ್ಮನಾಯಿತು. ನನ್ನನ್ನು ಕೇಳಿದರೆ, ತೋಟಕ್ಕೆ ಪಿಐಡಿ ದಂಡ. ಎರಡು ಗೆರೆ ಮತ್ತು ತಾಳ್ಮೆ ಸಾಕು.

ಪಿಐಡಿಯ ಬಂಧುಗಳು ನಿಜವಾಗಿಯೂ ಬೇಕಾಗುವ ಜಾಗ ಇದೇ ಚಿತ್ರದುರ್ಗ ಜಿಲ್ಲೆಯಲ್ಲಿ, ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಹಿಂದೆ ದನ ಮೇಯುತ್ತಿದ್ದ ಕಾವಲಿನಲ್ಲಿ ಡಿಆರ್‌ಡಿಒ 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ತೆರೆಯಿತು. ಇಸ್ರೊ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಅಲ್ಲಿ ಮೂರು ಸಲ ಇಳಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟುಬಿಡುತ್ತದೆ. ಎಂಜಿನ್ ಇಲ್ಲ, ಆದ್ದರಿಂದ ತಪ್ಪಿದರೆ ಮತ್ತೊಂದು ಸುತ್ತು ಹಾಕಿ ಬರುವಂತಿಲ್ಲ. ಮೂರನೆಯ ಸಲ ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಪುಷ್ಪಕ್ ಎಂಬ ಹೆಸರಿನ ಆ ವಾಹನ ತಾನೇ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರನ್‌ವೇಯ ನಡುಗೆರೆಗೇ ಬಂದು ಇಳಿಯಿತು. ಆ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 89 ಮೀಟರ್ ಸಾಗಿರುತ್ತದೆ. ನಮ್ಮಂತೆ ಗಂಟೆ ಕಾದು ನೋಡುವುದಿರಲಿ, ಸೆಕೆಂಡಿಗೆ ಹತ್ತಾರು ಸಲ ನೋಡಿ ತಿದ್ದದೆ ಗತಿಯಿಲ್ಲ. ಅದರ ಕಣ್ಣುಗಳೂ ಒಂದೆರಡಲ್ಲ: ಜಡತ್ವದ ಸೆನ್ಸರುಗಳು, ರೇಡಾರ್ ಎತ್ತರಮಾಪಕ, ಗಾಳಿಯ ಒತ್ತಡ ಓದುವ ರಂಧ್ರಗಳು, ನಮ್ಮದೇ ನಾವಿಕ್ ಉಪಗ್ರಹಗಳ ಸಂಕೇತ. ಒಂದು ಕಣ್ಣು ಹೇಳಿದ್ದನ್ನು ಇನ್ನೊಂದರ ಜತೆ ತಾಳೆ ನೋಡುತ್ತ ಇಳಿಯುತ್ತದೆ.

ಆ ತಾಳೆ ನೋಡುವ ಬುದ್ಧಿಯನ್ನು ನಾವೂ ಕಡ ತಂದೆವು. ಇಲಿಯೋ ಅಳಿಲೋ ಸೆನ್ಸರಿನ ತಂತಿ ಕಡಿಯುವುದು ತೋಟದಲ್ಲಿ ನಿತ್ಯದ ಮಾತು. ತಂತಿ ತುಂಡಾದರೆ ಸಂಖ್ಯೆ ಸೊನ್ನೆಗೆ ಬೀಳುವಂತೆ ಒಂದು ರೆಸಿಸ್ಟರ್ ಹಾಕಿದೆವು. ನೀರಲ್ಲಿ ಮುಳುಗಿಸಿದರೂ 1100ಕ್ಕಿಂತ ಹೆಚ್ಚು ಇಳಿಯದ ಸೆನ್ಸರ್ ಸೊನ್ನೆ ಎಂದರೆ ‘ಒದ್ದೆಯಾಗಿದೆ’ ಎಂದರ್ಥವಲ್ಲ, ‘ನಾನಿಲ್ಲ’ ಎಂದರ್ಥ. ಆಗ ದಿನಕ್ಕೆ ಎರಡು ಗಂಟೆ ಮಾತ್ರ ಓಡಿಸಿ, ಮಾವನ ಫೋನಿಗೆ ಮೆಸೇಜು ಹೋಗುತ್ತದೆ. ಮೋಟ್ರು ಎಳೆಯುವ ಕರೆಂಟನ್ನೂ ಒಂದು ಸಿಟಿ ಕಾಯಿಲಿನಿಂದ ಅಳೆಯುತ್ತೇವೆ. ಬೋರಿನಲ್ಲಿ ನೀರು ಮುಗಿದು ಪಂಪು ಖಾಲಿ ತಿರುಗಿದರೆ ಆಂಪಿಯರ್ ತಟಕ್ಕನೆ ಇಳಿಯುತ್ತದೆ, ಬೋರಿನ ಬಾಯಿಗೆ ಇಣುಕದೆಯೇ ನೀರಿದೆಯೋ ಇಲ್ಲವೋ ಹೇಳಬಹುದು.

ಇನ್ನೊಂದು ವಿಷಯದಲ್ಲಿ ಮಾವನ ಮಾತೇ ನಡೆಯಿತು. ನಮ್ಮ ರಿಲೇ ಸ್ಟಾರ್ಟರಿನ ಜಾಗಕ್ಕೆ ಬಂದಿಲ್ಲ. ಅದು ಆಟೋ ಗುಬುಟಿನಿಂದ ಕಾಂಟ್ಯಾಕ್ಟರಿನ ಕಾಯಿಲಿಗೆ ಹೋಗುವ ದಾರಿಯಲ್ಲಿ ನಡುವೆ ಕುಳಿತಿದೆ. ಕರೆಂಟು ಬಂದಿರಬೇಕು, ಮೂರೂ ಫೇಸ್ ಸರಿಯಿರಬೇಕು, ಮಣ್ಣೂ ಒಪ್ಪಬೇಕು, ಆಗಲೇ ಮೋಟ್ರು. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ತಡೆ ಎಲ್ಲ ಮೊದಲಿನಂತೆಯೇ ಇವೆ. ಗುಬುಟನ್ನು ಮ್ಯಾನುಯಲ್ ಕಡೆ ತಿರುಗಿಸಿದರೆ ನಮ್ಮ ಬೋರ್ಡಿನ ಮಾತು ನಡೆಯುವುದೇ ಇಲ್ಲ, ಮಾವ ಹೇಳಿದ್ದೇ ಕೊನೆ. ಈ ಮಳೆಗಾಲದಲ್ಲಿ ರಾತ್ರಿ ಒಂದೂವರೆಗೆ ತ್ರೀಫೇಸ್ ಬಂದಾಗ ಗೋಡೆಯಾಚೆ ಸದ್ದಾಗಲಿಲ್ಲ. ಬೆಳಿಗ್ಗೆ ಎದ್ದವರೇ ಮಾವ ಕೇಳಿದ್ದು, “ಕರೆಂಟ್ ಬಂದಿರಲಿಲ್ವೇನೋ?”

ನೀವೂ ಮಾಡಿ ನೋಡುವುದಾದರೆ ಮೊದಲು ಒಂದು ಹೂಕುಂಡ, 5 ವೋಲ್ಟಿನ ಪುಟ್ಟ ಪಂಪು ಇಟ್ಟುಕೊಂಡು ಶುರುಮಾಡಿ. ಎರಡು ಗೆರೆ, ತಡ, ಸೆನ್ಸರಿನ ಸುಳ್ಳು, ಮೂರೂ ಅದರಲ್ಲೇ ಸಿಗುತ್ತವೆ. ತೋಟದ ಪ್ಯಾನಲ್ ಬೋರ್ಡಿನಲ್ಲಿ ಇರುವುದು 415 ವೋಲ್ಟ್. ಅದರ ಬಾಗಿಲು ತೆಗೆಯುವ ಮುನ್ನ ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ಮೂರೂ ಫೇಸ್ ನೋಡಿ, ಪಕ್ಕದಲ್ಲಿ ವೈರಿಂಗ್ ಬಲ್ಲವರೊಬ್ಬರನ್ನು ನಿಲ್ಲಿಸಿಕೊಳ್ಳಿ. ಒದ್ದೆ ಕಾಲಲ್ಲಿ ಮಾತ್ರ ಹತ್ತಿರ ಹೋಗಬೇಡಿ.